ಅಡುಗೆ ಚಾಮಯ್ಯನ ಬನಿಯನ್ನು ಯಾರೂ ಎತ್ತಲಿಲ್ಲ

ಚಾಮಯ್ಯನ ಬಾಯಿ ನಾರುತ್ತದೆ ಎಂಬ ಮಾತು ಮೊದಲು ಎದ್ದದ್ದು ತಾಂಡವಪುರದ ಒಂದು ಬೀಗರೂಟದಲ್ಲಿ. ಎರಡು ವರ್ಷದ ಹಿಂದಿನ ಮಾರ್ಚ್ ತಿಂಗಳು. ಶಾಮಿಯಾನದ ಕೆಳಗೆ ಮೂರನೇ ಪಂಕ್ತಿ ಕೂತಿತ್ತು, ನಾನೂ ಅದರಲ್ಲಿದ್ದೆ. ಬಡಿಸುವವರು ಸಾಲದೆ ಅಡುಗೆಯ ಚಾಮಯ್ಯನೇ ಸಾರಿನ ಬಕೆಟ್ಟು ಹಿಡಿದು ಬಂದ. ಗಂಡಿನ ಕಡೆಯ ಹಿರಿಯರೊಬ್ಬರ ಎಲೆಯ ಮುಂದೆ ಬಗ್ಗಿ, "ಇನ್ನೊಂದು ಸೌಟು ಬುಡ್ಲಾ ಮಾವ?" ಎಂದ. ಎನ್ನುವಾಗಲೇ ಅವನಿಗೆ ತೇಗು ಬಂತು. ಹಿರಿಯರು ಕೈಯಲ್ಲಿದ್ದ ತುತ್ತನ್ನು ಎಲೆಗೆ ಹಾಕಿ ಮೂಗಿಗೆ ಟವಲು ಒತ್ತಿಕೊಂಡರು.

"ಏನಪ್ಪಾ ಅಡ್ಗೆಯವ್ನೇ, ಒಟ್ಟೆ ಒಳ್ಗೆ ಮೋರಿ ಇಟ್ಕಂಡಿದ್ದೀಯಾ?"

ಪಂಕ್ತಿಯೆಲ್ಲ ನಕ್ಕಿತು. ನಾನೂ ನಕ್ಕೆ. ಚಾಮಯ್ಯನೂ ನಕ್ಕು, "ಮೂಲಂಗಿ ತಿಂದಿದ್ದೆ ಮಾವ" ಎಂದು ಮುಂದಿನ ಎಲೆಗೆ ಹೋದ. ಅಲ್ಲಿಂದಾಚೆಗೆ ಬಾಯಿ ಬಿಗಿಹಿಡಿದೇ ಬಡಿಸಿದ.

ಆ ಹಿರಿಯರು ತಮಾಷೆಗೆ ಅಂದದ್ದು ಅಕ್ಷರಶಃ ನಿಜವಾಗಿತ್ತು. ಅವನ ಹೊಟ್ಟೆಯೊಳಗೆ ಮೋರಿಯೇ ಬಾಯಿ ತೆರೆದಿತ್ತು. ನೋಡಬೇಕಾದವರು ನೋಡದೆ, ಉಂಡವರು ಮೂಗು ಮುಚ್ಚಿಕೊಂಡು, ಆಮೇಲೂ ಹದಿನಾರು ತಿಂಗಳು ಕಳೆದವು. ಈಗ ಚಾಮಯ್ಯ ಇಲ್ಲ. ಅವನನ್ನು ಕೊಂದವಳು ತಾನೇ ಎಂದು ಅವನ ಹೆಂಡತಿ ಹೇಮಲತಾ ನಂಬಿ ಕೂತಿದ್ದಾಳೆ. ಊರೂ ಹೌದೌದು ಅನ್ನುತ್ತಿದೆ. ಅದು ಸುಳ್ಳು. ಸುಳ್ಳು ಅನ್ನುವುದಕ್ಕೆ ಇಷ್ಟುದ್ದ ಬರೆಯಬೇಕಾಗಿದೆ.

ಚಾಮಯ್ಯನದು ಚಿಕ್ಕಯ್ಯನಛತ್ರದ ಆಸುಪಾಸಿನ ಊರು. ನನ್ನದೂ ಅದೇ, ಅವನ ಮನೆಗೆ ನಾನು ನೆರೆಯವನು. ಒಂದೂವರೆ ಎಕರೆ ನಾಲೆಯ ಗದ್ದೆ, ಎರಡು ಹಸು. ಹೊಟ್ಟೆಗೆ ಬಟ್ಟೆಗೆ ಕೊರತೆ ಇದ್ದವನಲ್ಲ. ಅಡುಗೆ ಅವನ ಅಪ್ಪನಿಂದ ಬಂದ ಕಸುಬು. ಗೃಹಪ್ರವೇಶ, ನಾಮಕರಣ, ತಿಥಿ, ಬೀಗರೂಟ, ಯಾವುದೇ ಇರಲಿ, ಐನೂರು ಜನಕ್ಕೆ ಮುದ್ದೆ ತೊಳಸಿ ಸಾರು ಕಾಯಿಸಲು ಅವನೂ ಅವನ ಜೊತೆಗಾರ ಮಾದಪ್ಪನೂ ಇನ್ನಿಬ್ಬರೂ ಸಾಕಾಗಿತ್ತು. ಕಪಿಲೆಯ ಈ ದಡದಿಂದ ತಿ. ನರಸೀಪುರದ ಆಚೆಯವರೆಗೂ ಜನ ವೀಳ್ಯದೆಲೆ ಹಿಡಿದು ಬಂದು ಅವನ ತಾರೀಕು ಕೇಳುತ್ತಿದ್ದರು. ಒಮ್ಮೆ ವೀಳ್ಯ ತೆಗೆದುಕೊಂಡನೋ, ಜ್ವರವೋ ಮಳೆಯೋ, ಅವರ ಮನೆಯ ಒಲೆ ಹೊತ್ತಿಸಿಯೇ ಹೊತ್ತಿಸುತ್ತಿದ್ದ.

ಅವನಿಗೊಂದು ನೇಮವಿತ್ತು. ನಮ್ಮ ಕಡೆ ಎಡೆ ಇಡುವ ಮುಂಚೆ ಅಡುಗೆಯವನು ಮಾಡಿದ್ದನ್ನು ಬಾಯಿಗೆ ಹಾಕುವಂತಿಲ್ಲ. ದೇವರಿಗೋ ಸತ್ತ ಹಿರಿಯರಿಗೋ ಮೊದಲು ಮುಟ್ಟಬೇಕು. ಅದು ಎಲ್ಲರ ನೇಮ. ಚಾಮಯ್ಯ ಅದನ್ನು ಇನ್ನಷ್ಟು ಎಳೆದಿದ್ದ: ಕೊನೆಯ ಪಂಕ್ತಿ ಎದ್ದು ಕೈ ತೊಳೆಯುವವರೆಗೆ ಅವನೂ ತುತ್ತು ಮುಟ್ಟುತ್ತಿರಲಿಲ್ಲ. ಅಪ್ಪ ಹಾಗೇ ಇದ್ದನಂತೆ. ಉಪ್ಪು ಸರಿಯಿದೆಯೇ ಎಂದು ನೋಡಲೂ ನಾಲಗೆಗೆ ಹಚ್ಚುತ್ತಿರಲಿಲ್ಲ, ಕುದಿಯುವುದರ ಮೇಲೆ ಬಗ್ಗಿ ಆವಿ ಮೂಸಿ ಹೇಳುತ್ತಿದ್ದ. ಸಾರು ಸರಿಯಾಗಿಯೇ ಇರುತ್ತಿತ್ತು. ನಸುಕಿಗೆ ಒಲೆ ಹಚ್ಚಿದವನು ಸಂಜೆ ನಾಲ್ಕಕ್ಕೆ ಊಟಕ್ಕೆ ಕೂರುವ ಹೊತ್ತಿಗೆ ಹೊಟ್ಟೆಯಲ್ಲಿ ಎಂಟು ಲೋಟ ಟೀ, ಒಂದು ಕಟ್ಟು ಬೀಡಿಯ ಹೊಗೆ, ಮತ್ತೆ ಆ ಪೊಟ್ಟಣದ ಮಾತ್ರೆ.

ಪೊಟ್ಟಣದ ಕಥೆಗೆ ಆಮೇಲೆ ಬರುತ್ತೇನೆ. ಅದಕ್ಕೆ ಮೊದಲು ಇಪ್ಪತ್ತೆರಡು ವರ್ಷ ಹಿಂದಕ್ಕೆ ಹೋಗಬೇಕು.

ಆಗ ಅವನಿಗೆ ಮೂವತ್ತೊಂದು. ಹುಡುಗನಾಗಿದ್ದಾಗಿನಿಂದ ಹೊಟ್ಟೆ ಹುಣ್ಣು. ಹಸಿದಾಗ ಉರಿ, ಉಂಡರೆ ತಣ್ಣಗೆ, ಮತ್ತೆ ಎರಡು ಗಂಟೆಗೆ ಉರಿ. ಹುಣ್ಣು ಆಗುತ್ತಾ, ಮಾಯುತ್ತಾ, ಮತ್ತೆ ಆಗುತ್ತಾ, ಜಠರದಿಂದ ಕರುಳಿಗೆ ಇಳಿಯುವ ಬಾಯಿಯೇ ಗಾಯದ ಗಂಟು ಕಟ್ಟಿ ಮುಚ್ಚಿಹೋಯಿತು. ಇವತ್ತು ಉಂಡದ್ದನ್ನು ನಾಳೆ ಸಂಜೆ ವಾಂತಿ ಮಾಡುತ್ತಿದ್ದ, ಅನ್ನದ ಅಗುಳು ಅಗುಳಾಗಿಯೇ. ಮೈಸೂರಿನಲ್ಲಿ ಆಪರೇಷನ್ ಮಾಡಿದರು. ಹುಳಿ ಹುಟ್ಟಿಸುವ ನರ ಕತ್ತರಿಸಿ, ಜಠರದ ಬುಡಕ್ಕೆ ಸಣ್ಣ ಕರುಳನ್ನು ಎಳೆದು ತಂದು ಹೊಲಿದು, ಅನ್ನಕ್ಕೆ ಬೇರೆ ದಾರಿ ಮಾಡಿಕೊಟ್ಟರು. ಆಗಿನ ಡಾಕ್ಟರು ಒಳ್ಳೆಯವರು. ಹೇಮಲತಾಳನ್ನು ಕೂರಿಸಿಕೊಂಡು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು. "ಈ ಕಾಗದಗಳನ್ನು ಜೋಪಾನ ಮಾಡಮ್ಮ, ಮುಂದೆ ಯಾವ ಡಾಕ್ಟರಿಗೇ ತೋರಿಸಿದರೂ ಮೊದಲು ಇದನ್ನು ತೋರಿಸು" ಎಂದಿದ್ದರಂತೆ.

ಹೇಮಲತಾ ಹರಕೆ ಹೊತ್ತಿದ್ದಳು. ಹೊಲಿಗೆ ಬಿಚ್ಚಿದ ಮೇಲೆ ಗಂಡನನ್ನು ಕರೆದುಕೊಂಡು ನಂಜನಗೂಡಿಗೆ ಹೋದಳು. ಅತ್ತೆ ಚಿಕ್ಕಮಾದಮ್ಮ, ಅಂದರೆ ಚಾಮಯ್ಯನ ತಾಯಿ, ಜೊತೆಗಿದ್ದಳು. ಕಾಯಿಲೆಯಿಂದ ಎದ್ದವರು ಕಪಿಲೆಯಲ್ಲಿ ಮುಳುಗಿ ಉಟ್ಟ ಬಟ್ಟೆಯನ್ನು ಹೊಳೆಗೇ ಬಿಟ್ಟು ಬರುವುದು ನಮ್ಮಲ್ಲಿ ಎಲ್ಲರೂ ಮಾಡುವುದು. ಸ್ನಾನಘಟ್ಟದಲ್ಲಿ ಕಾಲಿಟ್ಟರೆ ಇವತ್ತಿಗೂ ಯಾರದೋ ಸೀರೆ ಕಾಲಿಗೆ ಸುತ್ತಿಕೊಳ್ಳುತ್ತದೆ. ಚಾಮಯ್ಯ ಪಂಚೆ ಬಿಟ್ಟ, ಬನಿಯನ್ನು ಬಿಟ್ಟ. ಚಿಕ್ಕಮಾದಮ್ಮ ಸೊಸೆಯ ಕೈಚೀಲದಿಂದ ಆಸ್ಪತ್ರೆಯ ಫೈಲನ್ನೂ ತೆಗೆದಳು.

"ಅತ್ತೆ, ಡಾಕ್ಟ್ರು ಮಡಿಕ್ಕಳಿ ಅಂದವ್ರೆ" ಎಂದಳು ಹೇಮಲತಾ.

"ಮಡಿಕ್ಕಂಡು? ಕಾಯ್ಲೆ ಪತ್ರ ಮನೇಲಿದ್ರೆ ಕಾಯ್ಲೆ ಮನೇಲಿದ್ದಂಗೆ ಕಣವ್ವ. ನಂಜುಂಡ ಇಸ್ಕಂಡವ್ನೆ. ಇನ್ ಯಾರೂ ಅದ್ರ ಎಸ್ರು ಎತ್ಬೇಡಿ. ಎತ್ತುದ್ರೆ ಅದು ಮನೆ ದಾರಿ ಕೇಳ್ಕಂಡು ವಾಪಸ್ ಬತ್ತದೆ."

ಫೈಲು ಸ್ವಲ್ಪ ದೂರ ತೇಲಿ, ನೆನೆದು, ಬಟ್ಟೆಗಳ ನಡುವೆ ಮುಳುಗಿತು.

ನಂಜುಂಡನ ಮೇಲೆ ನನಗೆ ಸಿಟ್ಟಿಲ್ಲ. ಅವನು ಬಟ್ಟೆಯನ್ನೇ ಕೇಳಿದವನಲ್ಲ, ಫೈಲನ್ನಂತೂ ಕೇಳಲೇ ಇಲ್ಲ. ಚಿಕ್ಕಮಾದಮ್ಮನ ಮೇಲೂ ಸಿಟ್ಟಿಲ್ಲ, ಮಗ ಬದುಕಿದ ಸಂತೋಷದಲ್ಲಿ ಆಕೆಗೆ ತೋಚಿದ್ದು ಅದು. ಆದರೆ ಆ ಮನೆಯಲ್ಲಿ ಅವತ್ತಿನಿಂದ ಆಪರೇಷನ್ ಎಂಬ ಮಾತಿಗೆ ಬೀಗ ಬಿತ್ತು. ಮಗಳು ರುದ್ರಾಣಿಗೆ ಆಗ ಮೂರು ವರ್ಷ. ದೊಡ್ಡವಳಾಗಿ ಅಪ್ಪನ ಹೊಟ್ಟೆಯ ಮೇಲಿನ ಉದ್ದ ಗೆರೆ ಕಂಡು ಇದೇನಪ್ಪಾ ಎಂದರೆ, "ಎತ್ತು ತಿವೀತು ಕಣವ್ವ" ಎನ್ನುತ್ತಿದ್ದ. ಮನೆಯಲ್ಲಿ ಎತ್ತೇ ಇರಲಿಲ್ಲ. ಮಗಳು ಅದನ್ನು ಯೋಚಿಸಲೂ ಇಲ್ಲ.

ಹದಿನೆಂಟು ವರ್ಷ ಹೊಟ್ಟೆ ಸುಮ್ಮನಿತ್ತು. ಅದು ಸಣ್ಣ ಮಾತಲ್ಲ. ಆ ಆಪರೇಷನ್ ಮಾಡಿದವರ ಕೈಗೆ ನಾನು ಇಲ್ಲಿಂದಲೇ ಮುಗಿಯುತ್ತೇನೆ.

ಹಾಳಾದದ್ದು ಮಂಡಿಯಿಂದ. ಕೊಪ್ಪರಿಗೆ ಎತ್ತಿ ಇಳಿಸಿ, ಕುಕ್ಕರುಗಾಲಿನಲ್ಲಿ ಕೂತು ತರಕಾರಿ ಹೆಚ್ಚಿ, ನಲವತ್ತೈದು ತುಂಬುವ ಹೊತ್ತಿಗೇ ಮಂಡಿ ಹಿಡಿದುಕೊಂಡಿತು. ಮಾದಪ್ಪ ಅವನನ್ನು ತಿ. ನರಸೀಪುರದ ಒಂದು ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಕ್ಲಿನಿಕ್ಕಿನ ಹೆಸರು ಬರೆಯುವುದಿಲ್ಲ, ಬರೆದರೆ ವಿಳಾಸ ಸಿಕ್ಕಿತೆಂದು ಇನ್ನೂ ನಾಲ್ಕು ಜನ ಹೋಗುತ್ತಾರೆ. ಅಲ್ಲಿ ಮಾತ್ರೆಗೆ ಹೆಸರಿಲ್ಲ, ಚೀಟಿ ಇಲ್ಲ. ಹಳೆಯ ಪೇಪರಿನ ಪೊಟ್ಟಣದಲ್ಲಿ ಬಿಳಿ ಒಂದು, ಹಳದಿ ಒಂದು, ಗುಲಾಬಿ ಅರ್ಧ. ಹತ್ತು ಪೊಟ್ಟಣ ಒಟ್ಟಿಗೆ ಕೊಡುತ್ತಾರೆ. ಒಂದು ನುಂಗಿದರೆ ಅರ್ಧ ಗಂಟೆಯಲ್ಲಿ ಮಂಡಿ ಬೆಣ್ಣೆಯ ಹಾಗೆ. ಚಾಮಯ್ಯ ಅದನ್ನು ನುಂಗುತ್ತಿದ್ದದ್ದು ಬೆಳಗ್ಗೆ ಐದಕ್ಕೆ, ಖಾಲಿ ಹೊಟ್ಟೆಗೆ, ಟೀಯ ಜೊತೆ. ಊಟದ ಮೇಲೆ ನುಂಗು ಅನ್ನಲು ಅವನಿಗೆ ಊಟವೇ ಸಂಜೆ ನಾಲ್ಕಕ್ಕೆ.

"ದಿನಾ ತಗೋಬೇಡ ಕಣ್ಲಾ" ಎಂದು ಮಾದಪ್ಪನೇ ಒಮ್ಮೆ ಅಂದನಂತೆ.

"ದಿನಾ ಎಲ್ಲಿ ತಕ್ಕತೀನಿ, ಅಡ್ಗೆ ಇದ್ ದಿನ ಅಷ್ಟೇಯ."

"ಅಡ್ಗೆ ಇಲ್ದಿರೋ ದಿನ ಯಾವ್ದ್ಲಾ ನಿಂಗೆ?"

ಮಾತ್ರೆ ಹಿಡಿದ ನಾಲ್ಕನೇ ವರ್ಷಕ್ಕೆ ಹೊಟ್ಟೆ ಮತ್ತೆ ಮಾತಾಡಿತು. ಈ ಸಲ ನೋವು ಹೊಕ್ಕುಳಿನ ಎಡಕ್ಕೆ. ಒಂದೊಂದು ದಿನ ಮಲ ಡಾಂಬರಿನ ಹಾಗೆ ಕಪ್ಪಗೆ ಬರುತ್ತಿತ್ತು. ಅದು ಒಳಗೆ ರಕ್ತ ಸೋರುವ ಗುರುತು. ಅವನು ಹೇಳಿಕೊಂಡ, ಇಲ್ಲವೆನ್ನಲಾರೆ. ನರಸೀಪುರದಲ್ಲಿ, ನಂಜನಗೂಡಿನಲ್ಲಿ, ಮತ್ತೆ ನರಸೀಪುರದಲ್ಲಿ. ರುದ್ರಾಣಿಯೂ ನಾನೂ ಕೂತು, ಮನೆಯಲ್ಲಿ ಉಳಿದಿದ್ದ ಖಾಲಿ ಸ್ಟ್ರಿಪ್ಪುಗಳನ್ನೂ ಮಾದಪ್ಪನ ನೆನಪನ್ನೂ ಹಿಡಿದು ಲೆಕ್ಕ ಹಾಕಿದೆವು. ಮೂರು ವರ್ಷದಲ್ಲಿ ನಾಲ್ಕು ಕಡೆ ಹನ್ನೊಂದು ಸಲ ಹೋಗಿದ್ದಾನೆ. ಹನ್ನೊಂದು ಸಲವೂ "ಗ್ಯಾಸ್ಟ್ರಿಕ್" ಎಂದು ಮಾತ್ರೆ ಕೊಟ್ಟಿದ್ದಾರೆ. ಪ್ಯಾಂಟಿನ ಅಂಚು ಜಗ್ಗಿ ಇಂಜೆಕ್ಷನ್ ಚುಚ್ಚಿದ್ದಾರೆ. ಒಬ್ಬ ಪುಣ್ಯಾತ್ಮನಾದರೂ ಮಂಚದ ಮೇಲೆ ಮಲಗಿಸಿ, ಬನಿಯನ್ನು ಎತ್ತಿ, ಹೊಟ್ಟೆಯ ಮೇಲೆ ಕೈಯಿಡಲಿಲ್ಲ. ಎತ್ತಿದ್ದರೆ ಎದೆಗೂಡಿನಿಂದ ಹೊಕ್ಕುಳಿನವರೆಗೆ ಇಳಿದ ಆ ಗೆರೆ ಕಾಣುತ್ತಿತ್ತು. ಎತ್ತಲು ಎರಡು ಸೆಕೆಂಡು ಬೇಕು ಸ್ವಾಮಿ, ಎರಡೇ ಸೆಕೆಂಡು. ಹೊರಗೆ ನಲವತ್ತು ಜನ ಟೋಕನ್ ಹಿಡಿದು ಕೂತಿದ್ದರಂತೆ.

ಒಬ್ಬರು ಮಾತ್ರ ಬಾಯಲ್ಲಿ ಕೇಳಿದರು: ಹಿಂದೆ ಆಪರೇಷನ್ ಏನಾದರೂ ಆಗಿತ್ತೇ? ಚಾಮಯ್ಯ ಇಲ್ಲ ಎಂದ. ಪಕ್ಕದಲ್ಲಿ ನಿಂತಿದ್ದ ಹೇಮಲತಾ ಸೆರಗು ಸರಿಮಾಡಿಕೊಂಡಳು.

ಬೀಗರೂಟದ ತೇಗು ಬಂದದ್ದು ಇದಾದ ಮೇಲೆ. ಆಮೇಲೆ ಉಂಡದ್ದು ಅರ್ಧ ಗಂಟೆಯಲ್ಲಿ ಹಾಗೇ ಹೊರಗೆ ಹೋಗತೊಡಗಿತು. ಬೆಳಗ್ಗೆ ತಿಂದ ಅವರೆಕಾಳು ಸಿಪ್ಪೆಯ ಸಮೇತ ಕಾಣುತ್ತಿತ್ತು. ಎಷ್ಟು ಉಂಡರೂ ಮೈ ಇಳಿಯಿತು. ಕೆನ್ನೆ ಒಳಗೆ ಹೋಯಿತು, ಕಾಲು ಊದಿತು. ಲವಂಗ, ಏಲಕ್ಕಿ, ಎಲೆಯಡಿಕೆ, ಬಾಯಲ್ಲಿ ಯಾವಾಗಲೂ ಏನಾದರೊಂದು ಇರುತ್ತಿತ್ತು. ಮಾತಾಡುವಾಗ ಮುಖ ಪಕ್ಕಕ್ಕೆ ತಿರುಗಿಸುವುದನ್ನು ಕಲಿತ. ಆವಿ ಮೂಸಿ ಉಪ್ಪು ಹೇಳುತ್ತಿದ್ದವನ ಮೂಗಿಗೆ ಈಗ ತನ್ನದೇ ವಾಸನೆ ಬಿಟ್ಟು ಬೇರೆ ಏನೂ ಹತ್ತುತ್ತಿರಲಿಲ್ಲ. ಸಾರಿಗೆ ಉಪ್ಪು ಜಾಸ್ತಿಯಾಯಿತು ಎಂಬ ದೂರು ಮೊದಲ ಸಲ ಬಂತು.

ಹೆಮ್ಮರಗಾಲದ ಮಹಾದೇವಸ್ವಾಮಿ ಎಂಬುವರು ಗೃಹಪ್ರವೇಶಕ್ಕೆ ಮುಂಚೆಯೇ ವೀಳ್ಯ ಕೊಟ್ಟಿದ್ದರು. ಅವರೇ ಒಂದು ಮಧ್ಯಾಹ್ನ ಬೈಕಿನಲ್ಲಿ ಬಂದರು. ಜಗಲಿಯ ಮೇಲೆ ಕೂರಲಿಲ್ಲ, ಅಂಗಳದಲ್ಲೇ ನಿಂತರು.

"ಚಾಮಣ್ಣ, ನಿಮ್ಮುನ್ನ ಒಂದ್ ಮಾತ್ ಕೇಳ್ಬೇಕಿತ್ತು. ಬೇಜಾರ್ ಮಾಡ್ಕಬೇಡಿ."

"ಯೋಳಿ ಸಾ."

"ನಮ್ ಬೀಗ್ರು ಕೇಟರಿಂಗ್ ನವ್ರುನ್ನ ಮಾತಾಡ್ಬುಟ್ಟವ್ರೆ. ನಮ್ ಕೈಲಿ ಏನೂ ಇಲ್ಲ."

"ವೀಳ್ಯ ಕೊಟ್ಟಿದ್ರಲ್ಲ ಸಾ."

"ಎಲೆ ಒಣಗೋಯ್ತು ಬುಡಿ, ಚಾಮಣ್ಣ."

ಅಷ್ಟು ಹೇಳಿ ಮಹಾದೇವಸ್ವಾಮಿ ಬೈಕು ತಿರುಗಿಸಿದರು. ಅವರು ಮಾತಾಡುತ್ತಿದ್ದಷ್ಟು ಹೊತ್ತೂ ವಾಸನೆ ತಾಗದ ಹಾಗೆ ಗಾಳಿ ಬರುವ ಕಡೆಯೇ ನಿಂತಿದ್ದರು ಎಂಬುದನ್ನು ಒಳಗಿನಿಂದ ನೋಡಿದ ರುದ್ರಾಣಿ ಮರೆತಿಲ್ಲ. ಮುಂದಿನ ಮೂರು ತಿಂಗಳಿಗೆ ಬೇರೆ ಯಾರೂ ಎಲೆ ಹಿಡಿದು ಬರಲಿಲ್ಲ. ಮಾದಪ್ಪ ಬೇರೆಯವರ ಜೊತೆ ಅಡುಗೆಗೆ ಹೋಗತೊಡಗಿದ. ಹೋಗುವ ಮುಂಚೆ ಬಂದು ಹೇಳಿ ಹೋದ, ಅಷ್ಟು ನಿಯತ್ತು ಅವನಿಗಿತ್ತು.

ರುದ್ರಾಣಿ ನಂಜನಗೂಡಿನ ಗಾರ್ಮೆಂಟ್ಸಿನಲ್ಲಿ ಲೈನ್ ಸೂಪರ್‌ವೈಸರ್. ಮಾತು ಕಡಿಮೆ, ಹಟ ಜಾಸ್ತಿ. ಅಪ್ಪ ಬಚ್ಚಲಲ್ಲಿ ತಲೆ ತಿರುಗಿ ಬಿದ್ದ ದಿನ ರಜೆ ಹಾಕಿ ಅಪ್ಪ ಅವ್ವ ಇಬ್ಬರನ್ನೂ ಮೈಸೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು. ತೂಕ ನೋಡಿದರು, ಮೂವತ್ತಾರು ಕೆ.ಜಿ. ರಕ್ತ ಇರಬೇಕಾದುದರ ಅರ್ಧಕ್ಕಿಂತ ಕಡಿಮೆ. ಸರ್ಜನ್ ಹೆಸರು ಸುಚೇತಾ. ಮುಂದೆ ನಡೆದದ್ದನ್ನು ನನಗೆ ರುದ್ರಾಣಿಯೂ ಹೇಳಿದಳು, ಆಮೇಲೆ ಡಾಕ್ಟರೂ ಹೇಳಿದರು. ಇಬ್ಬರ ಮಾತೂ ಒಂದಕ್ಕೊಂದು ತಾಳೆಯಾಗುತ್ತದೆ.

"ಮಲಗಿ ಯಜಮಾನ್ರೇ, ಬನಿಯನ್ ಎತ್ತಿ."

"ಗ್ಯಾಸ್ಟ್ರಿಕ್ ಮೇಡಂ. ಒಂದ್ ಒಳ್ಳೆ ಮಾತ್ರೆ ಬರ್ಕೊಟ್ಬುಡಿ, ಸಾಕು."

ಡಾಕ್ಟರೇ ಎತ್ತಿದರು. ಗೆರೆಯ ಮೇಲೆ ಬೆರಳಾಡಿಸಿದರು. "ಇದೇನು?"

"ಎತ್ತು ತಿವಿದಿದ್ದು ಮೇಡಂ" ಎಂದಳು ರುದ್ರಾಣಿ. "ನಾನು ಚಿಕ್ಕೋಳಿದ್ದಾಗ."

"ಸ್ಕೇಲ್ ಇಟ್ಕೊಂಡು ತಿವಿಯೋ ಎತ್ತಾ? ಎರಡೂ ಕಡೆ ಹೊಲಿಗೆ ಬೇರೆ ಹಾಕಿ ಹೋಗಿದೆ."

ರುದ್ರಾಣಿ ಅಪ್ಪನ ಮುಖ ನೋಡಿದಳು. ಅಪ್ಪ ಫ್ಯಾನು ನೋಡುತ್ತಿದ್ದ. ಅವ್ವ ಬಾಗಿಲ ಕಡೆ ತಿರುಗಿದ್ದಳು.

"ಯಾವ ಆಪರೇಷನ್ನು? ಎಲ್ಲಿ ಮಾಡಿದ್ದು? ಕಾಗದ ಇದೆಯಾ?"

ಡಾಕ್ಟರ್ ಇನ್ನೊಂದು ಪ್ರಶ್ನೆ ಕೇಳಿದರು, ಮೆಲ್ಲಗೆ: "ತೇಗು ಬಂದ್ರೆ ಮಲದ ವಾಸನೆ ಬರುತ್ತಾ?"

ಇದನ್ನು ಹದಿನಾರು ತಿಂಗಳಲ್ಲಿ ಯಾರೂ ರೋಗದ ಮಾತಾಗಿ ಕೇಳಿರಲಿಲ್ಲ, ಬೈಗುಳವಾಗಿ ಆಡಿದ್ದರು. ಚಾಮಯ್ಯ ಮಲಗಿದಲ್ಲೇ ಮುಖದ ಮೇಲೆ ತೋಳು ಅಡ್ಡ ಹಾಕಿಕೊಂಡ. ಹೂಂ ಎಂದದ್ದು ಪಕ್ಕದಲ್ಲಿದ್ದವರಿಗೂ ಸರಿಯಾಗಿ ಕೇಳಲಿಲ್ಲ.

"ಒಳಗೆ ಏನು ಕತ್ತರಿಸಿದ್ದಾರೆ, ಏನನ್ನ ಎಲ್ಲಿಗೆ ಜೋಡಿಸಿದ್ದಾರೆ ಅಂತ ಗೊತ್ತಾದ್ರೆ ಇವತ್ತೇ ಏನು ಹುಡುಕ್ಬೇಕೋ ಹುಡುಕ್ತೀನಿ" ಎಂದರು ಡಾಕ್ಟರ್. "ಗೊತ್ತಿಲ್ಲದಿದ್ರೆ ಒಂದೊಂದೇ ಪರೀಕ್ಷೆ ಮಾಡ್ತಾ ಹೋಗ್ಬೇಕು. ಇವರಿಗೆ ಅಷ್ಟು ದಿನ ಇದೆಯೋ ಇಲ್ವೋ ನಾನು ಹೇಳಲಾರೆ."

ಹೇಮಲತಾ ಹೊರಗೆ ಹೋದಳು. ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದಳಂತೆ. ಇಪ್ಪತ್ತೆರಡು ವರ್ಷ ಕಾಪಾಡಿಕೊಂಡು ಬಂದ ಒಂದು ಬಾಯಿ. ಅದನ್ನು ತೆರೆದರೆ ಹೊಳೆಯಲ್ಲಿ ಬಿಟ್ಟದ್ದು ಎದ್ದು ಬರುತ್ತದೆ, ತೆರೆಯದಿದ್ದರೆ ಮಂಚದ ಮೇಲಿರುವವನು ಹೋಗುತ್ತಾನೆ. ಅವಳ ಮಟ್ಟಿಗೆ ಎರಡೂ ಅಷ್ಟೇ ನಿಜ. ಒಳಗೆ ಬಂದವಳೇ ನಿಂತುಕೊಂಡೇ ಹೇಳಿದಳು.

"ಒಟ್ಟೆ ಕೆಳ್ಗಡೆ ಬಾಯಿ ಮುಚ್ಚೋಗಿತ್ತು ಮೇಡಂ. ಅನ್ನ ಇಳೀತಿರ್ಲಿಲ್ಲ. ಉರಿ ಬರ್ಸೋ ನರ ಕತ್ತುರ್ಸಿ, ಸಣ್ ಕರುಳ್ನ ಎಳ್ದು ಒಟ್ಟೆಗೆ ವಲ್ದ್ರು. ಕಾಗ್ದ ಇಲ್ಲ. ಕಪಿಲೇಲಿ ಬುಟ್ಟೊ."

ಡಾಕ್ಟರ್ ಪೆನ್ನು ಮುಂದಿಟ್ಟರು. ಹೇಮಲತಾ ಲ್ಯಾಬಿನ ಚೀಟಿಯ ಹಿಂದೆ ಒಂದು ಚೀಲ ಬರೆದಳು. ಚೀಲದ ಕೆಳಗಿನ ಮೂತಿಗೆ ಅಡ್ಡಗೆರೆ ಎಳೆದಳು. ಆಮೇಲೆ ಚೀಲದ ಬುಡಕ್ಕೆ ಬಂದು ಅಂಟಿಕೊಂಡ ಒಂದು ಕೊಳವೆ. ಒಂದೇ ಸಲ ನೋಡಿದ್ದ ಚಿತ್ರ. ರುದ್ರಾಣಿ ಬಾಯಿ ತೆರೆದು ನೋಡುತ್ತಿದ್ದಳು.

"ಅದ್ರ ಎಸ್ರು ಎತ್ಬುಟ್ಯಾ" ಎಂದ ಚಾಮಯ್ಯ, ತೋಳು ತೆಗೆಯದೆ. ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಅದೇ ಕೆಟ್ಟದ್ದು.

ಡಾಕ್ಟರ್ ಸುಚೇತಾ ಚಿತ್ರವನ್ನು ಬಹಳ ಹೊತ್ತು ನೋಡಿದರು. "ಅಮ್ಮಾ, ಈ ಚಿತ್ರ ಒಂದು ವರ್ಷದ ಹಿಂದೆ ನನ್ನ ಕೈಗೆ ಸಿಕ್ಕಿದ್ದರೆ" ಎಂದು ಶುರು ಮಾಡಿ, ಹೇಮಲತಾಳ ಮುಖ ಕಂಡು, ಅಲ್ಲಿಗೇ ನಿಲ್ಲಿಸಿದರು.

ಅವತ್ತೇ ಸ್ಕ್ಯಾನು, ಮರುದಿನ ಬಾಯಿಂದ ಟ್ಯೂಬು ಇಳಿಸಿ ನೋಡಿದ್ದು. ಹಳೆಯ ಜೋಡಣೆಯ ಜಾಗದಲ್ಲೇ ಹುಣ್ಣು ಮತ್ತೆ ಎದ್ದಿತ್ತು. ಕೆಳಗೆ ಹಾಯುವ ದೊಡ್ಡ ಕರುಳನ್ನು ಕೊರೆದು ತೂತು ಮಾಡಿತ್ತು. ಜಠರದಿಂದ ನೇರ ದೊಡ್ಡ ಕರುಳಿಗೆ ಕಿಂಡಿ. ಉಂಡ ಅನ್ನ ಜೀರ್ಣವಾಗುವ ದಾರಿಗೇ ಹೋಗದೆ ಆ ಕಿಂಡಿಯಲ್ಲಿ ಬಿದ್ದು ಹೊರಗೆ ಹೋಗುತ್ತಿತ್ತು. ಅಲ್ಲಿನ ಹೊಲಸು ಮೇಲಕ್ಕೆ ಬರುತ್ತಿತ್ತು. ಹಂಡೆಯಷ್ಟು ಉಣ್ಣುತ್ತಿದ್ದ ಮನುಷ್ಯ ಉಪವಾಸ ಸಾಯುತ್ತಿದ್ದ. ರುದ್ರಾಣಿ ಮನೆಯಿಂದ ತಂದಿದ್ದ ಪೊಟ್ಟಣ ಬಿಚ್ಚಿ ಡಾಕ್ಟರ್ ತೋರಿಸಿದರು. ಬಿಳಿಯದು ನೋವಿನ ಮಾತ್ರೆ. ಹಳದಿಯದೂ ನೋವಿನದೇ, ಬೇರೆ ಕಂಪನಿಯದು. ಗುಲಾಬಿಯದು ಸ್ಟೀರಾಯ್ಡ್ ಇರಬೇಕು. ಒಮ್ಮೆ ಹುಣ್ಣಾದ ಹೊಟ್ಟೆಗೆ, ಹೊಲಿದ ಜಾಗಕ್ಕೆ, ದಿನಾ ಬೆಳಗ್ಗೆ ಖಾಲಿಯಲ್ಲಿ ಈ ಮೂರನ್ನೂ ಸುರಿದರೆ ಹುಣ್ಣು ಏಳದೆ ಇನ್ನೇನು ಮಾಡುತ್ತದೆ?

ಉಳಿದ ದಾರಿ ಆಪರೇಷನ್ ಒಂದೇ. ಹುಣ್ಣಿದ್ದ ಜಠರದ ಭಾಗ, ಅದಕ್ಕೆ ಅಂಟಿದ ಸಣ್ಣ ಕರುಳಿನ ತುಂಡು, ತೂತಾದ ದೊಡ್ಡ ಕರುಳಿನ ತುಂಡು, ಮೂರನ್ನೂ ಒಟ್ಟಿಗೆ ತೆಗೆದು ಉಳಿದದ್ದನ್ನು ಹೊಸದಾಗಿ ಜೋಡಿಸಬೇಕು. ಆದರೆ ಮೂವತ್ತಾರು ಕೆ.ಜಿ. ಮೈಯಲ್ಲಿ ಹೊಲಿಗೆ ಹಿಡಿಯುವುದಿಲ್ಲ. ಅದಕ್ಕೆ ಮೊದಲು ರಕ್ತ ಕೊಟ್ಟು, ನರಕ್ಕೆ ಆಹಾರ ಹರಿಸಿ, ಮೈಯನ್ನು ಒಂದಿಷ್ಟು ಎಬ್ಬಿಸಬೇಕು. ಮೂರು ವಾರ ಬೇಕು, ಅಷ್ಟು ಕಾಯಲು ಹುಣ್ಣು ಬಿಡುತ್ತದೆಯೋ ನೋಡೋಣ ಎಂದರು ಡಾಕ್ಟರ್.

ವಾರ್ಡಿಗೆ ಮಾದಪ್ಪ ನೋಡಲು ಬಂದ. ಬಾಟಲಿಯಲ್ಲಿ ಹಾಲಿನಂಥ ಬಿಳಿಯದು ತೊಟ್ಟಿಕ್ಕುತ್ತಿತ್ತು.

"ಏನ್ಲಾ ಚಾಮ, ರಾಯ್ರು ಮಲಕ್ಕಂಡೇ ಊಟ ಮಾಡ್ತಾವ್ರೆ."

"ಉಪ್ಪು ಕಮ್ಮಿ ಆಗದೆ ಕಣ್ಲಾ. ನೀನ್ ಮಾಡಿದ್ದೇನೋ ಅಂದ್ಕಂಡೆ."

"ನಾನ್ ಮಾಡುದ್ರೆ ಬಾಟ್ಲಿ ಸಮೇತ ನುಂಗ್‌ಬುಡ್ತಿದ್ದೆ ನೀನು."

ಇಬ್ಬರೂ ನಕ್ಕರು. ಮಾದಪ್ಪ ಹೊರಗೆ ಬಂದು ಗೋಡೆಗೆ ಹಣೆ ಒತ್ತಿಕೊಂಡು ನಿಂತ. ಪೊಟ್ಟಣ ತಂದುಕೊಡುತ್ತಿದ್ದವನು ಅವನೇ.

ಮೂರು ವಾರ ಸಿಗಲಿಲ್ಲ. ಹದಿನಾರನೇ ದಿನ ಹುಣ್ಣು ಮತ್ತೆ ರಕ್ತ ಕಾರಿತು. ಇನ್ನು ತಡೆಯುವಂತಿಲ್ಲ ಎಂದು ಒಳಗೆ ತೆಗೆದುಕೊಂಡರು. ಐದೂವರೆ ಗಂಟೆ ಹಿಡಿಯಿತು. ಹೊರಗೆ ಬಂದ ಡಾಕ್ಟರ್ ಸುಚೇತಾ, "ಎಲ್ಲ ತೆಗೆದಿದ್ದೀನಿ, ಚೆನ್ನಾಗಿ ಕೂತಿದೆ. ಇನ್ನು ಒಂದು ವಾರ ಜೋಡಣೆ ಹಿಡಿದ್ರೆ ಗೆದ್ದ ಹಾಗೆ" ಎಂದರು. ಮೂರನೇ ದಿನ ಚಾಮಯ್ಯ ದಿಂಬಿಗೆ ಒರಗಿ ಕೂತ. ಬಾಯಿಯ ವಾಸನೆ ಹೋಗಿತ್ತು. ಮಗಳನ್ನು ಹತ್ತಿರ ಕರೆದು ಮುಖಕ್ಕೆ ನೇರ ಉಸಿರು ಬಿಟ್ಟು, "ಬತ್ತದಾ?" ಎಂದು ಕೇಳಿದ. ಇಲ್ಲಪ್ಪ ಎಂದಳು. ಅವಳ ಕೆನ್ನೆ ತಟ್ಟಿದ.

ಆರನೇ ದಿನ ಸಂಜೆ ಜ್ವರ ಬಂತು. ಹೊಟ್ಟೆಯಿಂದ ಹೊರಗೆ ಬಿಟ್ಟಿದ್ದ ಕೊಳವೆಯಲ್ಲಿ ನೀರಿನ ಬಣ್ಣ ತಿರುಗಿತು. ಜೋಡಣೆ ಒಂದು ಕಡೆ ಬಿಟ್ಟುಕೊಂಡಿತ್ತು. ಮತ್ತೆ ತೆರೆದರು, ತೊಳೆದರು, ದೊಡ್ಡ ಕರುಳಿನ ತುದಿಯನ್ನು ಹೊರಗಿಟ್ಟು ಚೀಲ ಕಟ್ಟಿದರು. ಒಣಗಿದ ಮೈಯಲ್ಲಿ ಹೊಲಿಗೆ ಕಚ್ಚಲು ಏನೂ ಉಳಿದಿರಲಿಲ್ಲ. ಹನ್ನೊಂದನೇ ದಿನ ಮಧ್ಯಾಹ್ನ ಚಾಮಯ್ಯ ಹೋದ.

ಸಮಾಧಿಗೆ ಹಾಲುತುಪ್ಪ ಬಿಟ್ಟ ದಿನ ನಾನು ಆ ಮನೆಯ ಜಗಲಿಯಲ್ಲಿದ್ದೆ. ಒಳಗೆ ಹೆಂಗಸರು ಕೂತಿದ್ದರು. ಚಾಮಯ್ಯನ ಅಣ್ಣನ ಹೆಂಡತಿ ಯಾರಿಗೂ ಹೇಳದವಳ ಹಾಗೆ, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ನಮ್ಮತ್ತೆ ಅವತ್ತೇ ಯೋಳಿದ್ರು, ಎತ್ಬೇಡಿ ಅಂತವ. ಇಪ್ಪತ್ತೆರಡು ವರ್ಸ ಎತ್ಲಿಲ್ಲ, ಗುಂಡ್ಕಲ್ಲಿದ್ದಂಗೆ ಇದ್ದ. ಎತ್ತಿದ್ ತಿಂಗ್ಳಿಗೆ ಮಲಗ್ಬುಟ್ಟ."

ಕೂತವರು ಹೌದೌದು ಎಂದು ತಲೆಯಾಡಿಸಿದರು. ಹೇಮಲತಾ ತಲೆ ತಗ್ಗಿಸಿಕೊಂಡು ಕೇಳಿಸಿಕೊಂಡಳು. ಅವಳ ಎದುರಿಗೆ ಎರಡು ಮಾತಿದ್ದವು. ತಡವಾಗಿ ಹೇಳಿದೆ ಎಂಬ ಡಾಕ್ಟರ ಅರ್ಧ ಮಾತು, ಹೇಳಿದ್ದೇ ತಪ್ಪು ಎಂಬ ಓರಗಿತ್ತಿಯ ಪೂರ್ತಿ ಮಾತು. ಅವಳು ಪೂರ್ತಿಯದನ್ನು ಹಿಡಿದುಕೊಂಡಳು.

ಗುಂಡುಕಲ್ಲಿದ್ದಂತೆ ಇದ್ದನಂತೆ. ಮೂವತ್ತಾರು ಕೆ.ಜಿ. ಗುಂಡುಕಲ್ಲು. ಆ ಮಾತಾಡಿದ ಮನೆಯವರೇ ಅವನಿಗೆ ಕೊನೆಯ ವರ್ಷ ಲೋಟ ಬೇರೆ ಇಟ್ಟಿದ್ದರು. ಬೇಕಿದ್ದರೆ ಅಪರಾಧಿಗಳನ್ನು ನಾನು ಹೇಳುತ್ತೇನೆ, ಕೇಳಿ. ಹೆಸರಿಲ್ಲದ ಮಾತ್ರೆ ಹಂಚುವವನು. ಹನ್ನೊಂದು ಸಲ ಮುಖ ಕಂಡೂ ಮೈ ನೋಡದ ನಾಲ್ವರು. ಗಾಳಿಯ ದಿಕ್ಕು ನೋಡಿ ನಿಂತ ಮಹಾದೇವಸ್ವಾಮಿಯವರು. ಪಂಕ್ತಿಯಲ್ಲಿ ಕೂತು ನಕ್ಕ ನಾವು ನೂರು ಜನ. ಫೈಲು ಮುಳುಗಿಸಿದ್ದು ತಪ್ಪೇ, ಆದರೆ ಆ ತಪ್ಪನ್ನು ಬಯಲಿಗೆ ತರಲು ಒಂದು ಬನಿಯನ್ನು ಎತ್ತಿದ್ದರೆ ಸಾಕಿತ್ತು. ಅವನ ಪರವಾಗಿ ಬಾಯಿ ತೆರೆದವಳು ಇವಳೊಬ್ಬಳೇ, ಶಿಕ್ಷೆಯೂ ಇವಳೊಬ್ಬಳಿಗೇ.

ಕಾರ್ಯ ಮುಗಿದ ಮೇಲೆ ನಾನು ಆ ನರಸೀಪುರದ ಕ್ಲಿನಿಕ್ಕಿಗೆ ಹೋಗಿ ಮಂಡಿನೋವು ಎಂದು ಕೂತೆ. ಒಂದು ನಿಮಿಷವೂ ಹಿಡಿಯಲಿಲ್ಲ. ಬಿಳಿ, ಹಳದಿ, ಗುಲಾಬಿ ಅರ್ಧ. ಹುಣ್ಣಿದೆಯೇ ಎಂದು ಕೇಳಲಿಲ್ಲ. ಆರೋಗ್ಯ ಇಲಾಖೆಗೆ ದೂರು ಕೊಟ್ಟಿದ್ದೇನೆ. ಸ್ವೀಕೃತಿ ಚೀಟಿ ಬಂದಿದೆ, ಅದರಾಚೆಗೆ ಏನೂ ಬಂದಿಲ್ಲ. ಕ್ಲಿನಿಕ್ಕಿನ ಮುಂದೆ ಸಾಲು ಹಾಗೇ ಇದೆ.

ಈಗಿನ ವಿಷಯಕ್ಕೆ ಬರುತ್ತೇನೆ, ಭಯ ಇರುವುದು ಅಲ್ಲಿ. ಈ ಹುಣ್ಣಿಗೆ ಒಂದು ಕ್ರಿಮಿಯೂ ಕಾರಣವಾಗುತ್ತದೆ, ಚಾಮಯ್ಯನ ಹೊಟ್ಟೆಯಲ್ಲಿ ಅದಿತ್ತು, ಒಂದೇ ಮನೆಯಲ್ಲಿ ಉಂಡು ಬದುಕಿದವರಿಗೆ ಅದು ಹರಡಿರಬಹುದು, ತಾಯಿ ಮಗಳು ಇಬ್ಬರೂ ಬಂದು ಪರೀಕ್ಷೆ ಮಾಡಿಸಿಕೊಳ್ಳಿ ಎಂದು ಡಾಕ್ಟರ್ ಸುಚೇತಾ ರುದ್ರಾಣಿಗೆ ಹೇಳಿದ್ದರು. ಇದ್ದರೆ ಎರಡು ವಾರದ ಮಾತ್ರೆಯಲ್ಲಿ ಹೋಗುತ್ತದೆ. ರುದ್ರಾಣಿ ಹೋದಳು. ಇತ್ತು. ಔಷಧಿ ಮುಗಿಸಿದಳು. ಮರುಪರೀಕ್ಷೆಗೆ ಹೋಗುವ ಹೊತ್ತಿಗೆ ಅವಳ ಕಣ್ಣಿಗೆ ಅಡುಗೆಮನೆಯಲ್ಲಿ ಒಂದು ವಿಷಯ ಬಿತ್ತು. ತಿಂಡಿ ಮಾಡದ ವಾರದಲ್ಲೂ ಅಡುಗೆ ಸೋಡದ ಪೊಟ್ಟಣ ಖಾಲಿಯಾಗುತ್ತಿತ್ತು. ಅವ್ವ ಊಟಕ್ಕೆ ಮುಂಚೆ ಸೆರಗಿನ ಮರೆಯಲ್ಲಿ ಎದೆಗುಂಡಿಗೆಯ ಕೆಳಗೆ ಮುಷ್ಟಿ ಒತ್ತಿಕೊಂಡು ಕೂರುತ್ತಿದ್ದಳು.

ಹೋದ ಸೋಮವಾರ ರುದ್ರಾಣಿ ನನ್ನನ್ನೂ ಕರೆದಳು. ಹೇಮಲತಾ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು.

"ನೀನೇ ಯೋಳಣ್ಣ" ಎಂದಳು ರುದ್ರಾಣಿ ನನಗೆ. "ನನ್ ಮಾತ್ ಕೇಳಲ್ಲ ಈ ಅವ್ವ."

"ತಾಯೀ, ಒಂದು ಸಲ ತೋರಿಸಿಕೊಂಡು ಬಂದ್ಬಿಡಿ" ಎಂದೆ. "ಹೊಟ್ಟೆ ಉರಿ ಇದೆ ಅಂತ ಇಷ್ಟು ಹೇಳಿದ್ರೆ ಸಾಕು, ಉಳಿದದ್ದು ಅವ್ರು ನೋಡ್ತಾರೆ."

"ನಂಗೇನಾಗದೆ?"

"ಸೋಡ ಯಾರ್ ಕುಡೀತಿರೋದು ಹಂಗಾರೆ? ಹಸುವಾ?" ಎಂದಳು ಮಗಳು.

ಹೇಮಲತಾ ಕಾಳುಗಳನ್ನು ಮೊರದಲ್ಲಿ ಹರಡಿದಳು. "ಒಂದ್ ಸಲ ಬಾಯ್ ಬುಟ್ಟೆ ಕಣವ್ವ. ಆಯ್ತಲ್ಲ."

ಹೇಳಿದ್ದರಿಂದ ಯಾರೂ ಸಾಯಲಿಲ್ಲ, ಹೇಳಿದ್ದಕ್ಕೇ ಅವನು ಇನ್ನೊಂದು ತಿಂಗಳು ಬದುಕಿದ್ದು ಎಂದು ಮೇಲೆ ಬರೆದದ್ದನ್ನೆಲ್ಲ ನಾನು ಅವಳ ಮುಂದೆ ಹೇಳಿದೆ. ಬರವಣಿಗೆಯಲ್ಲಿ ಇರುವಷ್ಟು ಚೂಪು ಬಾಯಲ್ಲಿ ಬರಲಿಲ್ಲ. ಅವಳು ಎಲ್ಲವನ್ನೂ ಕೇಳಿ, "ಕಾಫಿ ಕುಡೀರಣ್ಣ" ಎಂದು ಒಳಗೆ ಹೋದಳು. ಏಳುವಾಗ ಕಂಬ ಹಿಡಿದುಕೊಂಡು ಒಂದು ಗಳಿಗೆ ನಿಂತದ್ದನ್ನು ಇಬ್ಬರೂ ನೋಡಿದೆವು. ಅವಳ ಅಂಗಾಲು ರಕ್ತವಿಲ್ಲದೆ ಬಿಳಿಚಿಕೊಂಡಿತ್ತು.

ರುದ್ರಾಣಿ ಮರುಪರೀಕ್ಷೆಗೆ ಹಿಡಿಯಬೇಕಿದ್ದ ಹತ್ತೂವರೆಯ ಮೈಸೂರು ಬಸ್ಸು ಬಂತು. ಹೆಂಗಸರಿಗೆ ಟಿಕೆಟ್ಟೂ ಇಲ್ಲ. ರುದ್ರಾಣಿ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು, "ಅವ್ವಾ, ಬಾ" ಎಂದು ಇನ್ನೊಮ್ಮೆ ಕರೆದಳು. ಹೇಮಲತಾ ಹೊರಗೆ ಬಂದು ಜಗಲಿಯ ಮೇಲೆ ಕೂತು, ಹೋಗು ಹೋಗು ಎಂದು ಕೈಬೀಸಿದಳು. ಇನ್ನೊಂದು ಕೈ ಸೆರಗಿನೊಳಗಿತ್ತು. ಕಂಡಕ್ಟರು ಸೀಟಿ ಊದಿದ.